ಹಳೆ ಕಾರಿನ ಕ್ಲಚ್ ಪೆಡಲ್ ಸಿಗಿಬೀಳ್ತದಾ? ಕೇಬಲ್ ಬದಲಿಸೋಕ್ಕಿಂತ ಮೊದ್ಲ ಈ ಕ್ರಮದಾಗ ನೋಡ್ರಿ

ಕೇಬಲ್ ಬದಲಿಸಿದ್ವಿ, ಆದ್ರೂ ಪೆಡಲ್ ಸಿಗಿಬೀಳ್ತದ. ಪ್ಲೇಟ್ ಬದಲಿಸಿದ್ವಿ, ಆದ್ರೂ ಸಿಗಿಬೀಳ್ತದ. ಕಲಬುರಗಿ, ಶಹಾಬಾದ, ಯಾದಗಿರಿ ಕಡೆ ಹಳೆ ಮಾರುತಿ, ಸ್ಯಾಂಟ್ರೊ, ಸುಮೋ ಇಟ್ಕೊಂಡವರ ಬಾಯಾಗ ಈ ಮಾತು ಎಷ್ಟು ಸಲ ಕೇಳೀನಿ ಲೆಕ್ಕ ಇಲ್ಲ. ತಪ್ಪು ಎಲ್ಲಾರದೂ ಒಂದೇ, ಎಲ್ಲಿ ಹಿಡೀಲಿಕತ್ತದ ಅಂತ ನೋಡದೇ ಸಾಮಾನು ಬದಲಿಸ್ಕೋತ ಹೋಗೋದು. ಕ್ಲಚ್ ಅಂದ್ರ ಮೂರೇ ಭಾಗ ಅಂತ ತಿಳ್ಕೋರಿ: ನಿಮ್ಮ ಕಾಲ ಕೆಳಗಿನ ಪೆಡಲ್, ನಡುವಿನ ದಾರಿ ಅಂದ್ರ ಕೇಬಲ್ ಇಲ್ಲಾ ಆಯಿಲ್ ಲೈನ್, ಆಮ್ಯಾಲ ಗೇರ್‌ಬಾಕ್ಸ್ ಕಡೆ ಲಿವರ್ ಮತ್ತ ಅದರ ಒಳಗಿಂದು (ಎಂಜಿನ್ ತಿರುಗಿಸೋ ಚಕ್ರ ಅಂದ್ರ ಫ್ಲೈವೀಲ್, ಅದಕ್ಕ ಹತ್ತೋ ಕ್ಲಚ್ ಪ್ಲೇಟ್, ಪ್ಲೇಟನ್ನ ಒತ್ತಿ ಹಿಡಿಯೋ ಪ್ರೆಶರ್ ಪ್ಲೇಟ್, ಲಿವರಿನ ಒಳ ತುದಿ ಫೋರ್ಕ್, ಅದು ನೂಕೋ ಬೇರಿಂಗ್). ಈ ಮೂರನ್ನೂ ಒಂದರಿಂದ ಒಂದು ಬಿಡಿಸಿ, ಒಂದೊಂದೇ ಕೈಯಾಗ ಹಿಡಿದು ನೋಡಿದ್ರ ಯಾವುದು ತಪ್ಪು ಮಾಡ್ಲಿಕತ್ತದ ಅಂತ ಅದೇ ಹೇಳ್ತದ. ಅಷ್ಟು ಮಾಡೋತನಕ ಒಂದು ರೂಪಾಯಿ ಸಾಮಾನೂ ತರಬ್ಯಾಡ್ರಿ.

ಮೊದ್ಲ ಏನೇನು ಕೈಯಾಗ ಇರಬೇಕು

8, 10, 12, 14 ನಂಬರ್ ಪಾನಾ, ಒಂದು ಪಕ್ಕಡ, ಟಾರ್ಚ್, ಅಳತಿ ಪಟ್ಟಿ, ಗುರ್ತು ಹಾಕಲಿಕ್ಕೆ ಚಾಕ್ ಇಲ್ಲಾ ವೈಟ್ನರ್, ಹಳೆ ಬಟ್ಟಿ. ಕೇಬಲ್ ಗಾಡಿ ಇದ್ರ ಮಲ್ಟಿಮೀಟರ್ ಒಂದು ಬೇಕೇಬೇಕು, ಯಾಕಂತ ಮುಂದ ಹೇಳ್ತೀನಿ. ಆಯಿಲ್ ಕ್ಲಚ್ ಇದ್ರ ಎರಡು ಅಡಿ ಪಾರದರ್ಶಕ ಪೈಪು, ಒಂದು ಖಾಲಿ ಬಾಟ್ಲಿ, ಸೀಲ್ ಇನ್ನೂ ಬಂದ್ ಇರೋ ಬ್ರೇಕ್ ಆಯಿಲ್ ಡಬ್ಬಿ, ಕಣ್ಣಿಗೆ ಕನ್ನಡಕ. ಜೊತಿಗೆ ಪೆಡಲ್ ತುಳೀಲಿಕ್ಕೆ ಒಬ್ಬರು, ಮನ್ಯಾಗ ಮಗ ಇದ್ರ ಮಗ, ತಮ್ಮ ಇದ್ರ ತಮ್ಮ. ಆದ್ರ ನೀವು ಹೇಳಿದಾಗಷ್ಟೇ ತುಳಿಯೋವರು ಇರಬೇಕು, ನಡುವ ತಾವೇ ಒಂದು ಸಲ ತುಳಿದು ನೋಡೋಣ ಅನ್ನೋವರು ಬ್ಯಾಡ, ನಿಮ್ಮ ಬೆರಳು ಲಿವರ್ ಹತ್ರ ಇರ್ತಾವ.

ಗಾಡಿ ಸಪಾಟ ಜಾಗಾದಾಗ ನಿಂದರಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಡ್ರಿ. ಕೆಳಗ ಹೋಗೋದಿದ್ರ ಬರೇ ಜ್ಯಾಕ್ ಮ್ಯಾಲ ನಂಬಿ ಹೋಗಬ್ಯಾಡ್ರಿ, ಸ್ಟ್ಯಾಂಡ್ ಇಡಬೇಕು. ನಮ್ಮ ಕಡೆ ಮನಿ ಮುಂದ ಶಹಾಬಾದ ಫರಸಿ ಬಿದ್ದಿರ್ತಾವ, ಅವನ್ನ ಒಂದರ ಮ್ಯಾಲ ಒಂದು ಪೇರಿಸಿ ಗಾಡಿಗೆ ಆಧಾರ ಕೊಡೋದು ನಾನೇ ಕಣ್ಣಾರೆ ನೋಡೀನಿ. ಆ ಕಲ್ಲು ಪದರ ಪದರಾಗಿ ಇರ್ತದ, ಭಾರ ಒಂದೇ ಕಡೆ ಬಿದ್ರ ಸೀಳ್ತದ, ದಯಮಾಡಿ ಅದನ್ನ ಮಾತ್ರ ಮಾಡಬ್ಯಾಡ್ರಿ. ಎರಿ ಮಣ್ಣಿನ ಜಾಗಾ ಇದ್ರ ಜ್ಯಾಕ್ ಕೆಳಗ ದಪ್ಪನ್ನ ಕಟಿಗಿ ಹಲಗಿ ಇಡ್ರಿ, ಇಲ್ಲಂದ್ರ ಜ್ಯಾಕ್ ಮಣ್ಣಾಗ ಇಳೀತದ.

ಹಂತ 1: ಪೆಡಲ್ ಖರೆ ಏನು ಮಾಡ್ಲಿಕತ್ತದ, ಬರ್ಕೋರಿ

"ಕ್ಲಚ್ ಸಿಗಿಬೀಳ್ತದ" ಅನ್ನೋ ಒಂದೇ ಮಾತಿನಾಗ ನಾಕೈದು ಬ್ಯಾರೆ ಬ್ಯಾರೆ ರೋಗ ಇರ್ತಾವ. ಎಂಜಿನ್ ಬಂದ್ ಇಟ್ಟು ಹತ್ತು ಸಲ ನಿಧಾನ ತುಳಿದು ನಿಧಾನ ಬಿಡ್ರಿ, ಆಮ್ಯಾಲ ಚಾಲೂ ಮಾಡಿ ಮತ್ತ ಹತ್ತು ಸಲ.

ಕೆಳಗ ಹೋಗಿ ಅಲ್ಲೇ ಕೂತುಬಿಡ್ತದ, ಕಾಲಿನಿಂದ ಎತ್ತಿದ್ರ ಮಾತ್ರ ಬರ್ತದ ಅಂದ್ರ, ಆಯಿಲ್ ಕ್ಲಚ್ ಇದ್ರ ಹವಾ ಇಲ್ಲಾ ಲೀಕ್, ಕೇಬಲ್ ಇದ್ರ ಕೇಬಲ್ ಹರದದ ಇಲ್ಲಾ ಕಡೀಲಿಕತ್ತದ. ಬರ್ತದ ಆದ್ರ ನಿಧಾನ ಬರ್ತದ ಅಂದ್ರ, ಕೇಬಲ್ ಒಳಗ ಘರ್ಷಣಾ, ಇಲ್ಲಾ ಲಿವರ್ ಬುಷ್ (ಲಿವರ್ ತಿರುಗೋ ಬಳಿ) ಒಣಗ್ಯದ, ಇಲ್ಲಾ ಆಯಿಲ್ ಪೈಪು ಒಳಗಿಂದ ಬಾತದ. ನಡುವ ಒಂದು ಜಾಗಾದಾಗ ಟಕ್ ಅಂತ ಹಿಡಿದು ಬಿಡ್ತದ ಅಂದ್ರ ಕೇಬಲಿನ ಎಳಿ ಹರದಿರಬಹುದು. ತುಳೀಲಿಕ್ಕೇ ಕಲ್ಲಿನಂಗ ಬಿರುಸು ಅಂದ್ರ ಕೇಬಲ್ ಇಲ್ಲಾ ಪ್ರೆಶರ್ ಪ್ಲೇಟ್.

ಇನ್ನೊಂದು, ಭಾಳ ಮಂದಿ ಇಲ್ಲೇ ದಾರಿ ತಪ್ತಾರ: ಪೆಡಲ್ ಛಲೋ ಬರ್ತದ, ಆದ್ರ ಗೇರ್ ಬೀಳವಲ್ದು, ರಿವರ್ಸ್ ಹಾಕಿದ್ರ ಕರ್ರ್ ಅಂತದ. ಇದು ಪೆಡಲ್ ಸಿಗಿಬೀಳೋದಲ್ಲ, ಕ್ಲಚ್ ಪೂರ್ತಿ ಬಿಡವಲ್ದು ಅಂತ. ಮಳಿಗಾಲದಾಗ ಎರಡು ಮೂರು ತಿಂಗಳು ಗಾಡಿ ಹಂಗೇ ನಿಂತ್ರ ಪ್ಲೇಟ್ ಫ್ಲೈವೀಲಿಗೆ ಜಂಗು ಹಿಡಿದು ಅಂಟ್ಕೊಂಡಿರ್ತದ, ಆಗ ಪೆಡಲಿನಾಗ ಏನೂ ಗೊತ್ತಾಗಂಗಿಲ್ಲ.

ಬೆಳಿಗ್ಗಿ ಬರ್ತದೋ, ಮಧ್ಯಾಹ್ನ ಬಿಸಿಲಾಗ ಮಾತ್ರ ಬರ್ತದೋ ಅದನ್ನೂ ಬರ್ಕೋರಿ. ಮೇ ತಿಂಗಳಾಗ ಕಲಬುರಗಿ ಬಿಸಿಲು 42 ಡಿಗ್ರಿ ದಾಟ್ತದ, ಸೇಡಂ ರೋಡಿನಾಗ ಸಿಮೆಂಟ್ ಲಾರಿ ಹಿಂದ ಅರ್ಧ ಕ್ಲಚ್ ಹಿಡಕೊಂಡು ಗಾಡಿ ಹೊಡದ್ರ ಗೇರ್‌ಬಾಕ್ಸ್ ಹತ್ರ ಶಾಖ ಎಷ್ಟು ಆಗಿರಬೇಕು ನೀವೇ ಲೆಕ್ಕ ಹಾಕ್ರಿ. ಬಿಸಿ ಆದಾಗ ಮಾತ್ರ ಬರೋ ರೋಗಾನ ತಂಪಿರೋ ಹೊತ್ತಿನಾಗ ಹುಡುಕಿದ್ರ ಸಿಗಂಗಿಲ್ಲ, ಗಾಡಿ ಓಡಿಸಿ ರೋಗ ಬರಿಸಿ ಆವಾಗ ಹುಡುಕಬೇಕು.

ಹಂತ 2: ಪೆಡಲ್ ಬುಡ

ಕಾಲ ಕೆಳಗಿನ ಮ್ಯಾಟ್ ತಗೀರಿ. ಇದು ಸಣ್ಣ ಮಾತಲ್ಲ, ಮ್ಯಾಟ್ ಮ್ಯಾಲ ಮ್ಯಾಟ್ ಹಾಕಿ ಅದರ ಅಂಚು ಪೆಡಲಿಗೆ ಸಿಗಿಬಿದ್ದ ಗಾಡಿ ನೋಡೀನಿ. ಆಮ್ಯಾಲ ಟಾರ್ಚ್ ಹಿಡಿದು ತಲಿ ಒಳಗ ಹಾಕಿ ಪೆಡಲ್ ಮ್ಯಾಲಿನ ತುದಿ ನೋಡ್ರಿ. ರಿಟರ್ನ್ ಸ್ಪ್ರಿಂಗ್ ಇದ್ದ ಗಾಡ್ಯಾಗ ಅದು ಜಾಗಾದಾಗ ಅದನೋ, ಕೊಂಡಿ ಬಿಟ್ಟದನೋ? ಪೆಡಲನ್ನ ಎಡ ಬಲ ಅಲ್ಲಾಡಿಸ್ರಿ, ಭಾಳ ಅಲ್ಲಾಡಿದ್ರ ಬುಷ್ ಸವದದ, ಸವದ ಬುಷ್ ಇದ್ರ ಪೆಡಲ್ ವಾರೆ ಆಗಿ ಹಿಡೀತದ. ಬುಷ್‌ನಾಗ ಧೂಳು ಮತ್ತ ಹಳೆ ಗ್ರೀಸ್ ಕೂಡಿ ಮೇಣದಂಗ ಆಗಿರ್ತದ, ಅದನ್ನ ಒರಸಿ ತಗದು ಸ್ವಲ್ಪೇ ಹೊಸ ಗ್ರೀಸ್ ಹಚ್ರಿ.

ಹಂತ 3: ಕೇಬಲ್ಲೋ ಆಯಿಲ್ಲೋ

ಮಾರುತಿ 800, ಓಮ್ನಿ, ಹಳೆ ಆಲ್ಟೊ, ಝೆನ್, ಹಳೆ ಸ್ಯಾಂಟ್ರೊ ಇವೆಲ್ಲ ಕೇಬಲ್. ಸುಮೋ, ಕ್ವಾಲಿಸ್, ಇನ್ನೋವಾ ಆಯಿಲ್. ನಿಮ್ಮದು ಯಾವುದು ಗೊತ್ತಿಲ್ಲಂದ್ರ ಬಾನೆಟ್ ಎತ್ತಿ ಪೆಡಲಿನ ನೇರಕ್ಕ ನೋಡ್ರಿ, ಕರೀ ರಬ್ಬರ್ ಕವಚದ ತಂತಿ ಗೇರ್‌ಬಾಕ್ಸಿಗೆ ಹೋಗ್ಯದ ಅಂದ್ರ ಕೇಬಲ್, ಸಣ್ಣ ಸಿಲಿಂಡರ್ ಮತ್ತ ಲೋಹದ ಪೈಪು ಹೋಗ್ಯದ ಅಂದ್ರ ಆಯಿಲ್. ಕೇಬಲ್ ಇದ್ರ ಹಂತ 4 ಓದ್ರಿ, ಆಯಿಲ್ ಇದ್ರ ಸೀದಾ ಹಂತ 5ಕ್ಕ ಹೋಗ್ರಿ.

ಹಂತ 4: ಕೇಬಲ್ ಗಾಡಿ

ಮೊದ್ಲ ಗೇರ್‌ಬಾಕ್ಸ್ ಹತ್ರ ಅಡ್ಜಸ್ಟ್ ನಟ್ಟಿನಿಂದ ಹೊರಗ ಎಷ್ಟು ಚೂಡಿ ಕಾಣ್ತದ ಅಂತ ಪಟ್ಟಿ ಹಿಡಿದು ಅಳತಿ ಬರ್ಕೋರಿ, ಇಲ್ಲಾ ವೈಟ್ನರ್ ಹಚ್ರಿ. ಇದನ್ನ ಮಾಡದೇ ಬಿಚ್ಚಿದ್ರ ಆಮ್ಯಾಲ ಅಳತಿ ಸಿಗಂಗಿಲ್ಲ, ಕ್ಲಚ್ ಸ್ಲಿಪ್ ಆಗೋದು, ಅಂದ್ರ ಎಂಜಿನ್ ಏರಿದ್ರೂ ಗಾಡಿ ಏರದೇ ಇರೋದು, ಹೊಸಾದಾಗಿ ಶುರು ಆಗ್ತದ. ಆಮ್ಯಾಲ ನಟ್ ಸಡ್ಲ ಮಾಡಿ ಕೇಬಲನ್ನ ಲಿವರಿನಿಂದ ಬಿಡಿಸ್ರಿ.

ಈಗ ಮೂರೂ ಬ್ಯಾರೆ ಬ್ಯಾರೆ ಆದ್ವು. ಗೇರ್‌ಬಾಕ್ಸ್ ಕಡೆ ಲಿವರನ್ನ ಕೈಯಿಂದ ನೂಕ್ರಿ. ಮೊದ್ಲ ಸ್ವಲ್ಪ ಸಡ್ಲ ಇರ್ತದ, ಆಮ್ಯಾಲ ಗಟ್ಟಿ ತಡೀತದ, ಯಾಕಂದ್ರ ಬೇರಿಂಗ್ ಪ್ರೆಶರ್ ಪ್ಲೇಟಿಗೆ ಹೋಗಿ ತಾಗ್ತದ. ಆ ಸಡ್ಲ ಇರೋ ಭಾಗ ಯಾವ ತಡೆನೂ ಇಲ್ಲದೇ ಓಡಾಡಬೇಕು. ಲಿವರ್ ಜಂಗು ಹಿಡಿದು ಕರ್ ಕರ್ ಅಂತ ಹೊಂಟ್ರ, ಇಲ್ಲಾ ಉದ್ದನ್ನ ಪಾನಾ ಹಾಕಿ ಗಟ್ಟಿ ನೂಕಿ ಬಿಟ್ಟಾಗ ಪಟ್ಟನೆ ತಿರುಗಿ ಬರದೇ ಇದ್ರ, ನಿಮ್ಮ ರೋಗ ಇಲ್ಲೇ ಅದ, ಹೊಸ ಕೇಬಲ್ ಹತ್ತು ಹಾಕಿದ್ರೂ ಹೋಗಂಗಿಲ್ಲ. ಹೊಲದ ದಾರ್ಯಾಗ ಓಡೋ ಗಾಡಿಗೆ ಇದು ಭಾಳ ಆಗ್ತದ, ಎರಿ ಮಣ್ಣು ಲಿವರ್ ಬುಡಕ್ಕ ಮೆತ್ತಿ ಒಣಗಿ ಇಟ್ಟಂಗಿಯಂಗ ಆಗಿರ್ತದ. ಕೆರದು, ಬ್ರಶ್ಶಿನಿಂದ ತಿಕ್ಕಿ, ಹೊರಗಿನ ಬುಷ್ ಬಾಯಿಗೆ ನಾಕು ಹನಿ ಆಯಿಲ್ ಬಿಟ್ಟು ಇಪ್ಪತ್ತು ಮೂವತ್ತು ಸಲ ಆಡಿಸ್ರಿ. ನಾಕೇ ಹನಿ, ಜಾಸ್ತಿ ಬಿಟ್ರ ಒಳಗ ಇಳಿದು ಪ್ಲೇಟ್ ಕೆಡಿಸ್ತದ.

ಲಿವರ್ ಛಲೋ ಅದ ಅಂದ್ರ ಪೆಡಲ್ ಕಡೆ ಕೊಂಡೀನೂ ಬಿಡಿಸಿ ಕೇಬಲ್ ಹೊರಗ ತಗೀರಿ. ಒಂದು ತುದಿ ಹಿಡಿದು ತಂತಿ ಹಿಂದ ಮುಂದ ಎಳೀರಿ, ಮೊದ್ಲ ನೆಟ್ಟಗ ಇಟ್ಟು, ಆಮ್ಯಾಲ ಗಾಡ್ಯಾಗ ಹೆಂಗ ಬಾಗ್ತಿತ್ತೋ ಹಂಗೇ ಬಗ್ಗಿಸಿ. ನೆಟ್ಟಗಿದ್ದಾಗ ಓಡಿ ಬಗ್ಗಿಸಿದಾಗ ಹಿಡದ್ರ ಒಳಗಿನ ಪ್ಲಾಸ್ಟಿಕ್ ನಳಿಗಿ ಸವದದ ಇಲ್ಲಾ ಕರಗ್ಯದ. ತುದಿಗೆ ಒಂದೇ ಒಂದು ಎಳಿ ಹರದು ಮುಳ್ಳಿನಂಗ ನಿಂತಿದ್ರೂ ಆ ಕೇಬಲ್ ಮುಗೀತು, ಯಾವ ಊರಾಗ ಕೈ ಕೊಡ್ತದ ಹೇಳಲಿಕ್ಕೆ ಬರಂಗಿಲ್ಲ. ಪ್ಲಾಸ್ಟಿಕ್ ನಳಿಗಿ ಇರೋ ಕೇಬಲ್ ಒಳಗ ಗ್ರೀಸ್ ತುರುಕಬ್ಯಾಡ್ರಿ, ಎರಡು ದಿನ ಮೆತ್ತಗ ನಡೀತದ, ಆಮ್ಯಾಲ ನಮ್ಮ ಧೂಳಿಗೆ ಅದು ಗಟ್ಟಿ ಆಗಿ ಮೊದಲಿನಕಿಂತ ಜಾಸ್ತಿ ಹಿಡೀತದ.

ಎರಡೂ ಬಿಡಿಸಿದ ಮ್ಯಾಲೂ ಪೆಡಲ್ ಒಂದೇ ಹಿಡೀತದ ಅಂದ್ರ ಹಂತ 2ಕ್ಕ ತಿರುಗಿ ಹೋಗ್ರಿ.

ಕೇಬಲ್ ಪದೇ ಪದೇ ಸುಡ್ಲಿಕತ್ರ: ಅರ್ಥ್ ಪಟ್ಟಿ ನೋಡ್ರಿ

ಇದು ನನ್ನ ಸ್ವಂತ 800ರಾಗ ಆದದ್ದು. ಒಂದೇ ವರ್ಷದಾಗ ಎರಡು ಕೇಬಲ್ ಹೋದ್ವು, ಎರಡೂ ಒಳಗಿಂದ ಕರಗಿದ್ವು. ಒಂದು ಗ್ಯಾರೇಜಿನಾಗ ಡುಪ್ಲಿಕೇಟ್ ಸಾಮಾನು ಅಂದ್ರು, ಇನ್ನೊಂದು ಕಡೆ ನೀವು ಕ್ಲಚ್ ಮ್ಯಾಲ ಕಾಲಿಟ್ಟು ಓಡಿಸ್ತೀರಿ ಅಂದ್ರು. ಕಡೀಕ ರಿಂಗ್ ರೋಡಿನ ಕಡೆ ಒಬ್ಬ ವಯಸ್ಸಾದ ಉಸ್ತಾದ್ ಕೇಬಲಿಗೆ ಕೈನೇ ಹಚ್ಚಲಿಲ್ಲ, ಸೆಲ್ಫ್ ಹೊಡಿ ಅಂದ್ರು, ಹೊಡದೆ, "ಈಗ ಕೇಬಲ್ ಮುಟ್ಟಿ ನೋಡಪಾ" ಅಂದ್ರು. ಬೆಚ್ಚಗ ಆಗಿತ್ತು.

ಆಗಿದ್ದೇನಂದ್ರ, ಎಂಜಿನ್ ರಬ್ಬರ್ ಮೌಂಟಿಂಗ್ ಮ್ಯಾಲ ಕೂತಿರ್ತದ, ರಬ್ಬರಿನಾಗ ಕರೆಂಟ್ ಹರಿಯಂಗಿಲ್ಲ, ಅದಕ್ಕ ಎಂಜಿನ್ನಿನಿಂದ ಗಾಡಿಯ ಲೋಹದ ಬಾಡಿಗೆ ಮತ್ತ ಬ್ಯಾಟ್ರಿ ಮೈನಸ್ಸಿಗೆ ಒಂದು ಅರ್ಥ್ ಪಟ್ಟಿ ಇರ್ತದ. ಆ ಪಟ್ಟಿ ಜಂಗು ಹಿಡದ್ರ ಇಲ್ಲಾ ಯಾರರ ಎಂಜಿನ್ ಇಳಿಸಿದಾಗ ಮರತು ಬಿಟ್ಟಿದ್ರ, ಸೆಲ್ಫ್ ಹೊಡೆಯೋವಾಗಿನ ನೂರಾರು ಆಂಪಿಯರ್ ಕರೆಂಟ್ ಬ್ಯಾರೆ ದಾರಿ ಹುಡುಕ್ತದ. ಎಂಜಿನ್ನಿಗೂ ಬಾಡಿಗೂ ನಡುವ ಇರೋ ಇನ್ನೊಂದು ಲೋಹದ ದಾರಿ ಯಾವುದು, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್. ತಂತಿ ಕಾಯ್ತದ, ಒಳಗಿನ ಪ್ಲಾಸ್ಟಿಕ್ ಕರಗಿ ತಂತಿಗೇ ಹತ್ಕೋತದ, ಪೆಡಲ್ ಸಿಗಿಬೀಳ್ತದ.

ಪರೀಕ್ಷಾ ಸರಳ ಅದ. ಮಲ್ಟಿಮೀಟರ್ ಡಿಸಿ ವೋಲ್ಟ್ ಇಟ್ಟು ಒಂದು ಕಡ್ಡಿ ಬ್ಯಾಟ್ರಿ ಮೈನಸ್ ಕಂಬಕ್ಕ, ಇನ್ನೊಂದು ಎಂಜಿನ್ ಬ್ಲಾಕಿನ ಸ್ವಚ್ಛ ಲೋಹಕ್ಕ ಹಿಡಿದು ಒಬ್ಬರಿಗೆ ಸೆಲ್ಫ್ ಹೊಡೀಲಿಕ್ಕೆ ಹೇಳ್ರಿ. ಅರ್ಧ ವೋಲ್ಟ್ ದಾಟಿದ್ರ ಅರ್ಥ್ ಖರಾಬ್ ಅದ ಅಂತೇ ತಿಳ್ಕೋರಿ. ಪಟ್ಟಿ ಬಿಚ್ಚಿ, ಎರಡೂ ಕಡೆ ಪಾಲಿಶ್ ಪೇಪರಿನಿಂದ ಲೋಹ ಹೊಳಿಯೋಹಂಗ ತಿಕ್ಕಿ, ಗಟ್ಟಿ ಕೂಡಿಸ್ರಿ, ಪಟ್ಟಿ ಹರದಿದ್ರ ಹೊಸದು ಹಾಕ್ರಿ. ಇದನ್ನ ಸರಿ ಮಾಡಿದ ಮ್ಯಾಲೇ ಹೊಸ ಕೇಬಲ್ ಹಾಕಬೇಕು, ಈ ಕ್ರಮ ಉಲ್ಟಾ ಮಾಡಿದ್ರ ಹೊಸದೂ ಸುಡ್ತದ. ನನ್ನ ಗಾಡ್ಯಾಗ ಮೂರನೇ ಕೇಬಲ್ ಇನ್ನೂ ನಡೀಲಿಕತ್ತದ.

ಹೊಸ ಕೇಬಲ್ ಕೂಡಿಸೋವಾಗ ಹಳೇದು ಹೋದ ದಾರ್ಯಾಗೇ ಹೋಗಬೇಕು, ಸೈಲೆನ್ಸರ್ ಪೈಪಿಗೆ ತಾಗಬಾರದು, ಚೂಪಾಗಿ ಬಾಗಬಾರದು. ಪೆಡಲ್ ಮ್ಯಾಲಿನ ಸಡ್ಲ, ಅಂದ್ರ ಕೈಯಿಂದ ಒತ್ತಿದಾಗ ತಡೆ ಹತ್ತೋ ಮೊದ್ಲ ಓಡಾಡೋ ದೂರ, ಹಳೆ ಸಣ್ಣ ಮಾರುತಿಗಳಾಗ ಸುಮಾರು 15ರಿಂದ 25 ಮಿಲಿಮೀಟರ್ ಇಡ್ತಾರ. ಗಾಡಿ ಪುಸ್ತಕ ಇದ್ರ ಅದ್ರಾಗ ಇದ್ದದ್ದೇ ಇಡ್ರಿ. ಸಡ್ಲ ಇಲ್ಲದಂಗ ಬಿಗಿ ಮಾಡಿದ್ರ ಪೆಡಲ್ ಛಲೋ ಅನಸ್ತದ, ಆದ್ರ ಬೇರಿಂಗ್ ಯಾವಾಗಲೂ ತಿರುಗಿ ಸವೀತದ, ಪ್ಲೇಟ್ ಸ್ಲಿಪ್ ಆಗಿ ಸುಡ್ತದ.

ಹಂತ 5: ಆಯಿಲ್ ಕ್ಲಚ್

ಬಾನೆಟ್ ಒಳಗಿನ ಕ್ಲಚ್ ಆಯಿಲ್ ಡಬ್ಬಿ ಮುಚ್ಚಳ ತಗಿಯೋಕ್ಕಿಂತ ಮೊದ್ಲ ಸುತ್ತಿನ ಧೂಳು ಒರಸ್ರಿ. ಕೆಲವು ಗಾಡ್ಯಾಗ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ ಇರ್ತದ. ಆಯಿಲ್ ಕಡಿಮಿ ಆಗ್ಯದ ಅಂದ್ರ ಬರೇ ತುಂಬಿ ಬಿಡಬ್ಯಾಡ್ರಿ, ಎಲ್ಲಿ ಹೋಯ್ತು ಹುಡುಕ್ರಿ. ಕರ್ರಗ ಆಗ್ಯದ ಅಂದ್ರ ಹಳೇದು, ಒಳಗಿನ ರಬ್ಬರ್ ಸವೀಲಿಕತ್ತದ. ಮುಚ್ಚಳದ ಒಳಗಿನ ರಬ್ಬರ್ ಬಾತು ನಿರಿಗಿ ನಿರಿಗಿ ಆಗಿದ್ರ ಯಾರೋ ಎಂಜಿನ್ ಆಯಿಲ್ ಇಲ್ಲಾ ಸ್ಟೀರಿಂಗ್ ಆಯಿಲ್ ಹಾಕ್ಯಾರ, ಆಗ ಬರೇ ಆಯಿಲ್ ಬದಲಿಸಿದ್ರ ಸಾಲದು, ಎಲ್ಲಾ ವಾಷರ್, ರಬ್ಬರ್ ಪೈಪು ಬದಲಿಸಬೇಕು. ಒಂದು ಪೈಪು ಉಳಿಸಿದ್ರೂ ಅದೇ ಮತ್ತ ಕೆಡಿಸ್ತದ. ಬ್ರೇಕಿಗೂ ಅದೇ ಡಬ್ಬಿ ಇದ್ರ ಗಾಡಿ ಓಡಿಸಲೇಬ್ಯಾಡ್ರಿ, ಬ್ರೇಕಿನ ರಬ್ಬರೂ ಅಷ್ಟೇ ಬಾತಿರ್ತಾವ.

ಮಾಸ್ಟರ್ (ಪೆಡಲ್ ಕಡೆ ಸಿಲಿಂಡರ್): ಕಾರಿನ ಒಳಗ ಪೆಡಲಿನ ಕಡ್ಡಿ ಗ್ವಾಡಿ ತೂರೋ ಜಾಗಾಕ್ಕ ಬೆರಳಾಡಿಸ್ರಿ, ಹಸಿ ಇದ್ರ ಮಾಸ್ಟರ್ ವಾಷರ್ ಹೋಗ್ಯದ. ಸ್ಲೇವ್ (ಲಿವರ್ ನೂಕೋ ಸಿಲಿಂಡರ್): ಗೇರ್‌ಬಾಕ್ಸ್ ಹತ್ರ ಅದರ ರಬ್ಬರ್ ಟೊಪ್ಪಿಗಿ ಸ್ವಲ್ಪ ಸರಿಸಿ ನೋಡ್ರಿ, ಒಳಗ ಆಯಿಲ್ ನಿಂತಿದ್ರ ಸ್ಲೇವ್ ಹೋಗ್ಯದ.

ಹೊರಗ ಎಲ್ಲೂ ಹಸಿ ಇಲ್ಲ ಅಂದ್ರ ಪೆಡಲನ್ನ ಪಟಪಟ ಐದಾರು ಸಲ ತುಳೀರಿ. ತುಳಿದಂಗ ಪೆಡಲ್ ಮ್ಯಾಲ ಬಂದು ಗಟ್ಟಿ ಆದ್ರ ಲೈನಿನಾಗ ಹವಾ ಅದ. ತುಳಿದು ಒಂದು ನಿಮಿಷ ಹಂಗೇ ಹಿಡೀರಿ, ಒಬ್ಬರು ಸ್ಲೇವ್ ಕಡ್ಡಿ ನೋಡ್ಲಿ. ಕಡ್ಡಿ ತಾನೇ ನಿಧಾನ ಹಿಂದ ಸರದ್ರ ಮಾಸ್ಟರ್ ಒಳಗೇ ಆಯಿಲ್ ತಪ್ಪಿಸ್ಕೋಲಿಕತ್ತದ.

ಪೆಡಲ್ ನಿಧಾನ ತಿರುಗಿ ಬರೋ ಗಾಡಿಗೆ ಈ ಪರೀಕ್ಷಾ ಬಿಡಬ್ಯಾಡ್ರಿ. ಪೆಡಲ್ ತುಳಿದು ಬಿಡ್ರಿ, ಸ್ಲೇವ್ ಕಡ್ಡಿ ಇನ್ನೂ ಹೊರಗೇ ನಿಂತಿದ್ದಾಗ ಕನ್ನಡಕ ಹಾಕ್ಕೊಂಡು ಸ್ಲೇವ್ ಮ್ಯಾಲಿನ ಹವಾ ತಗಿಯೋ ನಿಪ್ಪಲ್ ಅರ್ಧ ಸುತ್ತು ಸಡ್ಲ ಮಾಡ್ರಿ. ಆಯಿಲ್ ಚಿಮ್ಮಿ ಕಡ್ಡಿ ಪಟ್ಟನೆ ಒಳಗ ಹೋದ್ರ ಒತ್ತಡ ಮ್ಯಾಲಿನ ಕಡೆ ಸಿಗಿಬಿದ್ದಿತ್ತು, ಅಂದ್ರ ರಬ್ಬರ್ ಪೈಪು ಒಳಗಿಂದ ಬಾತದ ಇಲ್ಲಾ ಆಯಿಲ್ ಡಬ್ಬಿಗೆ ತಿರುಗಿ ಹೋಗೋ ಮಾಸ್ಟರಿನ ಸಣ್ಣ ತೂತು ಮುಚ್ಚ್ಯದ. ನಿಪ್ಪಲ್ ಸಡ್ಲ ಮಾಡಿದ್ರೂ ಕಡ್ಡಿ ಹಂಗೇ ನಿಂತ್ರ ರೋಗ ಸ್ಲೇವ್ ಇಲ್ಲಾ ಫೋರ್ಕಿನಾಗ ಅದ. ಹೊರಗಿಂದ ಛಲೋ ಕಾಣೋ ಪೈಪು ಒಳಗ ಮುಚ್ಚಿರ್ತದ, ಅದಕ್ಕೇ ಈ ರೋಗಕ್ಕ ಸುಮ್ಮನೆ ಮಾಸ್ಟರ್ ಬದಲಿಸಿ ರೊಕ್ಕ ಹಾಳ ಮಾಡ್ಕೋತಾರ.

ಮಾಸ್ಟರಿನ ಕಡ್ಡಿಗೂ ಪೆಡಲಿಗೂ ನಡುವ ಕೂದಲೆಳಿಯಷ್ಟಾದ್ರೂ ಸಡ್ಲ ಇರಬೇಕು. ಇಲ್ಲಂದ್ರ ಆ ಸಣ್ಣ ತೂತು ತೆರಿಯಂಗೇ ಇಲ್ಲ, ಬಿಸಿಗೆ ಆಯಿಲ್ ಹಿಗ್ಗಿ ಕ್ಲಚ್ಚನ್ನ ತಾನೇ ಒತ್ತಿ ಹಿಡೀತದ. ಬೆಳಿಗ್ಗಿ ಛಲೋ ಇದ್ದ ಗಾಡಿ ಜೇವರ್ಗಿ ಮುಟ್ಟೋದ್ರೊಳಗ ಸ್ಲಿಪ್ ಆಗ್ತದ ಅಂದ್ರ ಇದನ್ನ ಮೊದ್ಲ ನೋಡ್ರಿ.

ಹವಾ ತಗಿಯೋ ಕ್ರಮ ತಪ್ಪಬಾರದು. ನಿಪ್ಪಲಿಗೆ ಪೈಪು ಹಚ್ಚಿ ಅದರ ತುದಿ ಬಾಟ್ಲ್ಯಾಗಿನ ಆಯಿಲಿನಾಗ ಮುಳಗಿಸ್ರಿ. ಒಬ್ಬರು ನಿಧಾನ ತುಳಿದು ಹಿಡೀಲಿ, ನೀವು ನಿಪ್ಪಲ್ ಸಡ್ಲ ಮಾಡ್ರಿ, ಗುಳ್ಳಿ ಬರ್ತಾವ, ನಿಪ್ಪಲ್ ಮುಚ್ಚರಿ, ಆಮ್ಯಾಲೇ ಅವರು ಪೆಡಲ್ ಬಿಡಬೇಕು. ಮುಚ್ಚೋ ಮೊದ್ಲ ಬಿಟ್ರ ಹವಾ ಮತ್ತ ಒಳಗ ಹೋಗ್ತದ, ಹತ್ತರಾಗ ಒಂಬತ್ತು ಮಂದಿ ಕೆಡೋದು ಇಲ್ಲೇ. ಡಬ್ಬಿ ನಡುವ ಖಾಲಿ ಆಗಲಿಕ್ಕೆ ಬಿಡಬ್ಯಾಡ್ರಿ. ಡಬ್ಬಿ ಮುಚ್ಚಳದ ಮ್ಯಾಲ ಡಾಟ್ 3 ಅಂತ ಬರದದನೋ ಡಾಟ್ 4 ಅಂತನೋ (ಇವು ಬ್ರೇಕ್ ಆಯಿಲಿನ ದರ್ಜಿ) ನೋಡಿ ಅದನ್ನೇ ಹಾಕ್ರಿ. ಹೊಸ ಡಾಟ್ 3 ಕುದಿಯೋದು ಕನಿಷ್ಠ 205 ಡಿಗ್ರಿಗೆ, ನೀರು ಹೀರ್ಕೊಂಡ ಮ್ಯಾಲ 140ಕ್ಕ ಇಳೀಬಹುದು. ಡಾಟ್ 4 ಆದ್ರ 230 ಮತ್ತ 155. ಹೋದ ವರ್ಷ ಅರ್ಧ ಬಳಸಿ ಕಪಾಟಿನಾಗ ಇಟ್ಟ ಡಬ್ಬಿ ಹವಾದಾಗಿನ ನೀರು ಕುಡದಿರ್ತದ, ಅದನ್ನ ಹಾಕಬ್ಯಾಡ್ರಿ. ಬಣ್ಣದ ಮ್ಯಾಲ ಚೆಲ್ಲಿದ್ರ ತಕ್ಷಣ ನೀರು ಹಾಕಿ ತೊಳೀರಿ, ಬಣ್ಣ ಎಬ್ಬಸ್ತದ.

ಹಂತ 6: ಗೇರ್‌ಬಾಕ್ಸ್ ಇಳಿಸೋದು ಯಾವಾಗ

ಮ್ಯಾಲಿಂದೆಲ್ಲಾ ಛಲೋ ಅದ, ಲಿವರ್ ಒಂದೇ ಹಿಡೀತದ ಇಲ್ಲಾ ತುಳಿದಾಗ ಒಳಗಿಂದ ಗುರ್ ಅಂತ ಸಪ್ಪಳ ಬರ್ತದ ಅಂದಾಗ ಮಾತ್ರ. ಒಳಗ ಫೋರ್ಕ್ ಸವದಿರ್ತದ, ಬೇರಿಂಗ್ ಓಡೋ ನಳಿಗಿ ಒಣಗಿರ್ತದ, ಇಲ್ಲಾ ಪ್ರೆಶರ್ ಪ್ಲೇಟಿನ ಬೆರಳಿನಂಥಾ ಪಟ್ಟಿ ಸವದಿರ್ತಾವ. ಇದು ಮನ್ಯಾಗ ಮಾಡೋ ಕೆಲಸ ಅಲ್ಲ, ಉಸ್ತಾದ್ ಕಡೆ ಹೋಗ್ರಿ, ಆದ್ರ ನೀವು ಬರದ ಚೀಟಿ ತಗೊಂಡು ಹೋಗ್ರಿ: ಲಿವರ್ ಬಿಡಿಸಿ ನೋಡೀನಿ, ಕೇಬಲ್ ಛಲೋ ಅದ, ಅಂತ. ಒಂದು ಸಲ ಇಳಿಸಿದ ಮ್ಯಾಲ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಕೂಡೇ ಹಾಕಸ್ರಿ, ಫೋರ್ಕ್ ಬುಷ್ ಮರೀಬ್ಯಾಡ್ರಿ, ಎರಡನೇ ಸಲ ಇಳಿಸೋ ಕೂಲಿ ಅದಕ್ಕಿಂತ ಜಾಸ್ತಿ. ಹಳೆ ಪ್ಲೇಟಿನ ಧೂಳಿನಾಗ ಆಸ್ಬೆಸ್ಟಾಸ್ ಇರಬಹುದು, ಕಂಪ್ರೆಸರ್ ಹವಾ ಹೊಡೀಲಿಕ್ಕೆ ಬಿಡಬ್ಯಾಡ್ರಿ, ಹಸಿ ಬಟ್ಟಿಯಿಂದ ಒರಸಲಿಕ್ಕೆ ಹೇಳ್ರಿ. ಅಲ್ಲಿ ಕೆಲಸ ಕಲೀಲಿಕ್ಕೆ ನಿಂತ ಹುಡುಗನ ಎದಿಗೂ ಅದೇ ಧೂಳು ಹೋಗ್ತದ.

ಇವು ಕಂಡ್ರ ಗಾಡಿ ಓಡಿಸಬ್ಯಾಡ್ರಿ

ಸುಟ್ಟ ವಾಸನಿ, ಪೆಡಲ್ ಒಂದು ದಿನ ಒಂದು ಎತ್ತರ ಇನ್ನೊಂದು ದಿನ ಇನ್ನೊಂದು, ಕೇಬಲ್ ಎಳಿ ಹರದದ್ದು ಕಣ್ಣಿಗೆ ಕಾಣೋದು, ಒಂದೇ ಡಬ್ಬಿ ಇರೋ ಗಾಡ್ಯಾಗ ಆಯಿಲ್ ಇಳಿಯೋದು. ಕಲಬುರಗಿ ಸೂಪರ್ ಮಾರ್ಕೆಟ್ ರೋಡಿನ ಗದ್ದಲದಾಗ ಪೆಡಲ್ ಕೆಳಗೇ ಕೂತ್ರ ಗಾಬರಿ ಆಗಬ್ಯಾಡ್ರಿ, ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರನ್ನ ನ್ಯೂಟ್ರಲಿಗೆ ಎಳೀರಿ, ಬ್ರೇಕ್ ಹಾಕ್ಕೋತ ಬದೀಗೆ ತರ್ರಿ. ಗೇರ್ ಬರವಲ್ದು ಅಂದ್ರ ಬ್ರೇಕ್ ಗಟ್ಟಿ ಹಿಡೀರಿ, ಎಂಜಿನ್ ಬಂದ್ ಬೀಳ್ತದ, ಬಿದ್ರ ಬೀಳ್ಲಿ. ಗೇರಿನಾಗ ಇಟ್ಟು ಮತ್ತ ಸೆಲ್ಫ್ ಹೊಡೀಬ್ಯಾಡ್ರಿ, ಗಾಡಿ ಮುಂದ ಜಿಗೀತದ.

ಕೆಲಸ ಮುಗಿದ ಮ್ಯಾಲ

ನಿಂತಲ್ಲೇ ಎಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ತುಳಿದು ಮೂರು ಸೆಕೆಂಡ್ ತಡದು ರಿವರ್ಸ್ ಹಾಕ್ರಿ, ಸಪ್ಪಳ ಇಲ್ಲದೇ ಬೀಳಬೇಕು. ಆಮ್ಯಾಲ ಖಾಲಿ ರೋಡಿನಾಗ ಮೂರನೇ ಗೇರಿನಾಗ ಜೋರ್ ಆಕ್ಸಿಲರೇಟರ್ ಕೊಡ್ರಿ, ಎಂಜಿನ್ ಸಪ್ಪಳ ಏರಿ ಗಾಡಿ ಏರದೇ ಇದ್ರ ಸ್ಲಿಪ್ ಅದ, ಸಡ್ಲ ಕಡಿಮಿ ಆಗ್ಯದ ಅಂತ ಅರ್ಥ. ಅರ್ಧ ತಾಸು ಓಡಿಸಿ ಬಿಸಿ ಆದ ಮ್ಯಾಲ ಎರಡೂ ಪರೀಕ್ಷಾ ಮತ್ತ ಮಾಡ್ರಿ. ಹೊಸ ಕೇಬಲ್ ಹಾಕಿದ್ರ ಒಂದು ವಾರದಾಗ ಸ್ವಲ್ಪ ಕೂಡ್ತದ, ಅವತ್ತು ಪಟ್ಟಿ ಹಿಡಿದು ಪೆಡಲಿನ ಸಡ್ಲ ಅಳತಿ ಮಾಡಿ ನಟ್ ಇನ್ನೊಂದು ಸಲ ಸರಿ ಮಾಡ್ರಿ, ಲಾಕ್ ನಟ್ ಬಿಗಿ ಮಾಡೋದು ಮರೀಬ್ಯಾಡ್ರಿ.